ಡಿಕ್ಕಿಯ ಮೇಲಿನ ಮುಖ

ಮೊದಲು ಶುಭಾಶಯ ಹೇಳಿದವಳು ಪೆಟ್ರೋಲ್ ಬಂಕಿನ ಬರ್ನಡೆಟ್. ನನ್ನ ಬುರಿಟೊ ಬಿಸಿ ಮಾಡಿಕೊಡುತ್ತಾ, "ಕೊನೆಗೂ ಆಯ್ತಲ್ಲ ಓರ್ಲಿಂಡಾ! ಮದುವೆ ಯಾವಾಗ?" ಎಂದಳು.

"ಯಾರ ಮದುವೆ?"

"ನಾಟಕ ಆಡ್ಬೇಡ್ವೇ. ಎಲೋಯ್ ಕಾರಿನ ಡಿಕ್ಕಿ ಮೇಲೆ ನಿನ್ನ ಮುಖ ಬರೆಸಿದಾನೆ. ನಿನ್ನೆ ಸಂಜೆ ರಿವರ್‌ಸೈಡ್ ರಸ್ತೇಲಿ ಇಡೀ ಎಸ್ಪಾನ್ಯೋಲಾ ಊರೇ ನೋಡ್ತು."

ನಾನೊಬ್ಬಳೇ ನೋಡಿರಲಿಲ್ಲ. ಟಾವೋಸ್‌ನ ಚಿಕ್ಕಮ್ಮನ ಮನೆಗೆ ಹೋಗಿದ್ದೆ.

ನಮ್ಮೂರಲ್ಲಿ ಕಾರಿನ ಮೇಲೆ ಮುಖವನ್ನು ಸುಮ್ಮಸುಮ್ಮನೆ ಬರೆಸುವುದಿಲ್ಲ. ಮಾತೆ ಮೇರಿಯನ್ನು ಬರೆಸುತ್ತಾರೆ. ತೀರಿಹೋದ ಅಪ್ಪನನ್ನೋ ಅಣ್ಣನನ್ನೋ ಬರೆಸುತ್ತಾರೆ. ಇಲ್ಲವೇ ಹೆಂಡತಿಯನ್ನು. ನಾನು ದೇವಮಾತೆಯಲ್ಲ, ಸತ್ತೂ ಇಲ್ಲ. ಇನ್ನು ಉಳಿದದ್ದೇನು ಎಂದು ಊರಿಗೆಲ್ಲ ಗೊತ್ತಾಗಿತ್ತು. ನನ್ನನ್ನು ಒಂದು ಮಾತು ಕೇಳಿದವರು ಮಾತ್ರ ಯಾರೂ ಇಲ್ಲ. ಮೈಯೆಲ್ಲ ಉರಿದುಹೋಯಿತು. ಬುರಿಟೊ ಅಲ್ಲೇ ಬಿಟ್ಟು ಹೊರಟೆ.

ಈ ಎಲೋಯ್ ಎಂಬ ಮಹಾನುಭಾವನ ಬಗ್ಗೆ ಏನು ಹೇಳಲಿ! ನಾನು ಹೈಸ್ಕೂಲು ಮುಗಿಸಿದಾಗಿನಿಂದ ತನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಅದೊಂದು ಎಪ್ಪತ್ತೆಂಟರ ಮಾಡೆಲ್ಲಿನ ಮಾಂಟೆ ಕಾರ್ಲೊ ಕಾರು ಇಟ್ಟುಕೊಂಡು ಬಿಚ್ಚುತ್ತಾನೆ, ಜೋಡಿಸುತ್ತಾನೆ. ತುಕ್ಕು ತಿಂದ ತಗಡು ಕತ್ತರಿಸಿ ಹೊಸದನ್ನು ಬೆಸೆದ. ಸ್ವಿಚ್ ಒತ್ತಿದರೆ ಕಾರು ಮೂತಿ ಎತ್ತಿ ಕುಣಿಯುವಂತೆ ಪಂಪು ಕೂರಿಸಿದ. ಎಣ್ಣೆ ಸೋರಿತೆಂದು ಅದನ್ನೂ ಬಿಚ್ಚಿದ. ಚೆರಿ ಬಣ್ಣ ಹೊಡೆದ, ಮನಸ್ಸಿಗೆ ಬರಲಿಲ್ಲವೆಂದು ಉಜ್ಜಿ ಮತ್ತೆ ಹೊಡೆದ.

ಸೀಟಿಗೆ ಮರೂನ್ ವೆಲ್ವೆಟ್ ಹೊಲಿದವಳು ನಾನು. ನಾನು ಹೊಲಿಯುವಾಗ ಅವನು ಪಕ್ಕದಲ್ಲೇ ಕೂತು ದಾರ ಕೊಡುತ್ತಿದ್ದ. ಬೆರಳಿಗೆ ಬೆರಳು ತಾಗಿದರೆ ಸಾಕು, ಅವನ ಕಿವಿ ಕೆಂಪಾಗುತ್ತಿತ್ತು. ನಾನು ಬೇಕೆಂದೇ ದಾರ ಬೀಳಿಸುತ್ತಿದ್ದೆ. ಅವನು ಎತ್ತಿಕೊಡುತ್ತಿದ್ದ, ಒಂದು ಗಳಿಗೆ ನನ್ನತ್ತ ನೋಡುತ್ತಿದ್ದ, ಉದ್ದ ರೆಪ್ಪೆ ನಡುಗುತ್ತಿತ್ತು. ಇನ್ನೇನು ಬಾಯಿ ಬಿಟ್ಟ ಎನ್ನುವಷ್ಟರಲ್ಲಿ, "ಈ ಕಡೆ ಹೊಲಿಗೆ ಸ್ವಲ್ಪ ಸೊಟ್ಟ ಅಲ್ವಾ?" ಎನ್ನುತ್ತಿದ್ದ. ಅಂಥ ಕಣ್ಣು ಇಟ್ಟುಕೊಂಡು ನಟ್ಟು ಬೋಲ್ಟು ನೋಡುತ್ತಾನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು.

ದೂರದ ಆಲ್ಬುಕರ್ಕಿಯಲ್ಲಿ ಕಾರಿನ ಸೀಟು ಹೊಲಿಯುವ ಒಂದು ದೊಡ್ಡ ಅಂಗಡಿಯವರು ನನ್ನನ್ನು ಕೆಲಸಕ್ಕೆ ಕರೆದಿದ್ದರು. ಸೋಮವಾರ, ಅಂದರೆ ನಾಳೆ, ಉತ್ತರ ಹೇಳಬೇಕು. "ಹೋಗ್ಲಾ ಎಲೋಯ್?" ಎಂದು ಹೋದ ವಾರ ಕೇಳಿದ್ದೆ. ಕಾರಿನ ಕೆಳಗಿನಿಂದ ಉತ್ತರ ಬಂತು: "ಹೂಂ... ಆ ಅರ್ಧ ಇಂಚಿನ ಸ್ಪಾನರ್ ಕೊಡು." ಬೇಡ ಎಂದಿದ್ದರೆ ಜಗಳವಾಡುತ್ತಿದ್ದೆ. ನಾನೂ ಬರ್ತೀನಿ ಎಂದಿದ್ದರೆ ಕುಣಿದುಬಿಡುತ್ತಿದ್ದೆ. ಎರಡೂ ಇಲ್ಲ. ಸ್ಪಾನರ್ ಕೊಟ್ಟು ಮನೆಗೆ ಹೋಗಿ ಅತ್ತೆ.

ಅವನ ಮನೆಯ ಜಗಲಿಯಲ್ಲಿ ಅವನ ಅಜ್ಜಿ ಎವುಫೇಲಿಯಾ ಸುಟ್ಟ ದಪ್ಪ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದರು.

"ಬಾರೇ ಸೊಸೆ!"

"ಅಜ್ಜಿ, ನೀವೂನಾ?"

"ನಾನೇನ್ ಮಾಡ್ಲಿ? ಬೆಳಿಗ್ಗೆ ಚರ್ಚಲ್ಲಿ ಪಾದ್ರಿಗೂ ಹೇಳಿ ಬಂದೆ."

ಶೆಡ್ಡಿಗೆ ನುಗ್ಗಿದೆ. ಡಿಕ್ಕಿಯ ಮೇಲೆ ನಾನಿದ್ದೆ. ಸುತ್ತ ಗುಲಾಬಿ, ಕೂದಲಲ್ಲಿ ಗಾಳಿ, ತುಟಿಯಲ್ಲಿ ನಗು. ಅವನ ಚಿಕ್ಕಪ್ಪನ ಮಗ ಕ್ರೂಜ್ ಬಣ್ಣ ಸಿಂಪಡಿಸುವ ಏರ್‌ಬ್ರಶ್‌ನಲ್ಲಿ ಬರೆದದ್ದು. ಚೆನ್ನಾಗಿತ್ತು, ಅದಕ್ಕೇ ಇನ್ನೂ ಸಿಟ್ಟು ಬಂತು.

ಎಲೋಯ್ ಬಟ್ಟೆಯಲ್ಲಿ ಕೈ ಒರೆಸುತ್ತಾ ಎದ್ದುನಿಂತ. ಕಿವಿ ಆಗಲೇ ಕೆಂಪು.

"ಹೇಗಿದೆ?"

"ಮಚ್ಚೆ ತಪ್ಪು ಕೆನ್ನೇಲಿದೆ."

"ಕ್ರೂಜ್‌ಗೆ ಹೇಳಿ ಸರಿ ಮಾಡಿಸ್ತೀನಿ."

"ಮಚ್ಚೆ ಮನೆ ಹಾಳಾಗ್ಲಿ! ನನ್ನ ಯಾವಾಗ ಕೇಳ್ದೆ ನೀನು?"

"ಅದು... ನೋಡಿದ್ರೆ ಗೊತ್ತಾಗುತ್ತೆ ಅಂತ..."

"ಪಾದ್ರಿಗೆ ಗೊತ್ತಾಯ್ತು, ಬಂಕಿನವಳಿಗೆ ಗೊತ್ತಾಯ್ತು. ಮದುವೆ ಆಗೋಳು ನಾನು ಕಣೋ!"

ಅವನು ಕಾರನ್ನು ನೋಡುತ್ತಾ ನಿಂತ. ತಾಳ್ಮೆ ಅನ್ನುವುದು ನನ್ನಲ್ಲಿ ಎಷ್ಟಿತ್ತೋ ಅಷ್ಟೂ ಆ ಗಳಿಗೆ ಮುಗಿಯಿತು. ಬೆಂಚಿನ ಮೇಲಿದ್ದ ಒರಟು ಸ್ಯಾಂಡ್‌ಪೇಪರ್ ಎತ್ತಿಕೊಂಡು ಚಿತ್ರದಲ್ಲಿದ್ದ ನನ್ನ ಹಣೆಯ ಮೇಲೆ ಒತ್ತಿ ಎಳೆದೆ. ಬೆಳ್ಳನೆಯ ಗೀರು ಬಿತ್ತು.

"ಓರ್ಲಿ!"

"ಕೂಗು, ಪರವಾಗಿಲ್ಲ. ದನಿ ಇದೆ ಅಂತಾದ್ರೂ ಗೊತ್ತಾಗ್ಲಿ."

ಉಜ್ಜಿದೆ, ತೋಳು ಬಿದ್ದುಹೋಗುವಂತೆ ಉಜ್ಜಿದೆ. ಹಣೆ ಹೋಯಿತು, ಒಂದು ಕಣ್ಣು ಹೋಯಿತು. ಎಂಥ ಬಣ್ಣ ಹಾಳುಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಅಳು ಬಂತು. ಅಳುತ್ತಲೇ ಉಜ್ಜಿದೆ. ಅವನು ತಡೆಯಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಬೆಂಚಿನ ಮೇಲಿಟ್ಟು, "ಹೆದರಿಕೆ ಆಯ್ತು" ಎಂದ.

ಕೈ ನಿಲ್ಲಿಸಿದೆ.

"ನೀನು ಹೊರಟುನಿಂತಿದೀಯ. ಹೋಗು ಅನ್ನೋಕೆ ಬಾಯಿ ಬರ್ಲಿಲ್ಲ, ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ. ಬಾಯಲ್ಲಿ ಕೇಳಿದ್ರೆ ನೀನು ಆಗಲ್ಲ ಅಂದ್ಬಿಡಬಹುದು. ಬರೆಸ್ಬಿಟ್ರೆ... ಊರೇ ನೋಡಿದ್ಮೇಲೆ ನಿನಗೆ ಆಗಲ್ಲ ಅನ್ನೋಕೆ ಕಷ್ಟ ಆಗುತ್ತೆ ಅಂತ."

"ಅಂದ್ರೆ ಕಟ್ಟಿಹಾಕೋಣ ಅಂತ."

"ಹೂಂ," ಎಂದ. ಸುಳ್ಳು ಹೇಳುವುದೂ ಬಾರದು ಪಾಪದವನಿಗೆ. "ತಪ್ಪಾಯ್ತು, ಓರ್ಲಿ."

ಇನ್ನೊಂದು ಸ್ಯಾಂಡ್‌ಪೇಪರ್ ಹರಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತ. ನಗುವ ತುಟಿಯನ್ನು ಅವನೇ ಉಜ್ಜಿ ತೆಗೆದ. ತುಟಿ ಕಚ್ಚಿಕೊಂಡಿದ್ದ, ಮೂಗು ಸುರಿಯುತ್ತಿತ್ತು. ನೋಡಲಾಗದೆ, "ಸಾಕು ಬಿಡೋ" ಎಂದೆ. ಅವನು ಬಿಡಲಿಲ್ಲ. ಗುಲಾಬಿಗಳ ನಡುವೆ ಕೊನೆಗೆ ಬಣ್ಣದಡಿಯ ಬೂದು ಪ್ರೈಮರ್ ಮಾತ್ರ ಉಳಿಯಿತು.

"ಈಗ ಯಾರೂ ಏನೂ ನೋಡಿಲ್ಲ ಅಂದ್ಕೋ. ಆಗಲ್ಲ ಅಂದ್ರೂ ಪರವಾಗಿಲ್ಲ," ಎಂದು ಡಿಕ್ಕಿಯನ್ನು ನೋಡುತ್ತಾ ಶುರುಮಾಡಿದ.

ಧೂಳು ಮೆತ್ತಿದ ಅವನ ಗಲ್ಲ ಹಿಡಿದು ತಿರುಗಿಸಿದೆ. "ನನ್ನ ನೋಡಿ ಕೇಳು. ನಾನು ಅಲ್ಲಿಲ್ಲ, ಇಲ್ಲಿದ್ದೀನಿ."

ಆ ಕಣ್ಣು ನನ್ನ ಮೇಲೆ ನಿಂತಿತು. ಈ ಸಲ ಎಲ್ಲಿಗೂ ಓಡಿಹೋಗಲಿಲ್ಲ.

"ಆಲ್ಬುಕರ್ಕಿ ಕೆಲಸ ಬಿಡ್ಬೇಡ. ನಾನೂ ಬರ್ತೀನಿ, ಅಲ್ಲೂ ಶೆಡ್ಡು ಸಿಗುತ್ತೆ. ನನ್ನ... ನನ್ನ ಮದುವೆ ಆಗ್ತೀಯಾ ಓರ್ಲಿ?"

ಇಷ್ಟು ಮಾತಿಗೆ ಇಷ್ಟು ವರ್ಷ! ಸಿಟ್ಟು, ನಗು, ಅಳು ಎಲ್ಲ ಒಟ್ಟಿಗೆ ಬಂತು. ಹೂಂ ಎಂದೆ. ಕೇಳಿಸಲಿಲ್ಲವೆಂದ, ಕಳ್ಳ. ಎದೆಗೆ ಗುದ್ದಿ ಇನ್ನೊಮ್ಮೆ ಹೇಳಿದೆ.

ಸಂಜೆಹೊತ್ತು ಸಿಂಗರಿಸಿದ ಕಾರುಗಳು ಮೆರೆಯುವ ರಿವರ್‌ಸೈಡಿಗೆ ಅರೆಬರೆ ಕಾರನ್ನು ತಂದರೆ ಮಾನ ಹೋದಂತೆ. ಅವತ್ತು ಸಂಜೆ ಅವನು ಬೂದು ಡಿಕ್ಕಿಯ ಕಾರನ್ನೇ ತಂದ, ಪಕ್ಕದಲ್ಲಿ ನಾನು. ಆಮೆಯ ಹಾಗೆ ತೆವಳುವ ಕಾರುಗಳ ಸಾಲಿನಲ್ಲಿ ನಾವೂ ತೆವಳಿದೆವು. ರಸ್ತೆಬದಿ ಕುರ್ಚಿ ಹಾಕಿ ಕೂತಿದ್ದ ಹಿರಿಯರೊಬ್ಬರು ಬೂದು ಡಿಕ್ಕಿ ನೋಡಿ ನಕ್ಕು ಕೂಗಿದರು: "ಏನೋ ಎಲೋಯ್, ಹುಡುಗಿ ಮುಖ ಅಳಿಸ್ಕೊಂಡು ಓಡಿಹೋದ್ಲಾ?"

ಎಲೋಯ್ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸಿದ. ಕಿಟಕಿಯಿಂದ ಅರ್ಧ ಮೈ ಹೊರಹಾಕಿದ.

"ಬಾಯಲ್ಲೇ ಕೇಳ್ದೆ! ಹೂಂ ಅಂದ್ಲು!"

ಹಿಂದಿದ್ದ ಕಾರುಗಳೆಲ್ಲ ಹಾರನ್ ಹೊಡೆದವು. ನಾನು ನಾಚಿ ಸೀಟಿನಲ್ಲಿ ಕೆಳಗೆ ಜಾರಿ, "ಸಾಕು ಕಣೋ, ಒಳಗೆ ಬಾ" ಎಂದು ಅಂಗಿ ಹಿಡಿದೆಳೆದೆ. ಬರಲಿಲ್ಲ. ರಸ್ತೆಯ ಆಚೆ ಬದಿಯವರಿಗೂ ಕೇಳಿಸಲಿ ಎಂದು ಇನ್ನೊಮ್ಮೆ ಕೂಗಿದ.