ಅಜ್ಜಿಯ ಕೊಡ, ಕಡಲ ಕೊರಡು

"ಅಡುಗೆಗೆ, ಕುಡಿಯೋಕೆ ಮೂರು ಕೊಡ. ಪಾತ್ರೆಗೆ ಒಂದು. ಅಪ್ಪ, ಅಮ್ಮ, ಅಜ್ಜಿ, ನಾನು ಸ್ನಾನಕ್ಕೆ ಒಂದೊಂದು. ಟೋಟಲ್ ಎಂಟು!" ಶ್ರೀಪ್ರಿಯಾ ಬೆರಳು ಮಡಿಸಿ ಎಣಿಸಿದಳು.

"ತುಳಸಿಗೆ?" ಅಜ್ಜಿ ಭೀಮಾಬಾಯಿ ಒಳಗಿಂದ ಕೇಳಿದರು.

"ನಿನ್ ಕೊಡದಿಂದ ಒಂದು ಚೆಂಬು!"

ಅದು ೨೦೦೩ರ ಬೇಸಿಗೆ. ಬೋರ್‌ವೆಲ್ ಬತ್ತಿತ್ತು. ಚೆನ್ನೈನ ಕೋಡಂಬಾಕ್ಕಂನಲ್ಲಿದ್ದ ಅವರ ಬೀದಿಗೆ ದಿನಕ್ಕೊಮ್ಮೆ ನೀರಿನ ಲಾರಿ ಬಂದು, ಮನೆಗೆ ಎಂಟು ಕೊಡ ಕೊಟ್ಟು ಹೋಗುತ್ತಿತ್ತು.

ತುಳಸಿಗೆ ನೀರು ಹಾಕುವ ಕೆಲಸ ಶ್ರೀಪ್ರಿಯಾಳದು. ಈಚೆಗೆ ಅದು ಅವಳಿಗೆ ಬಲು ಇಷ್ಟದ ಕೆಲಸ. ಕಾರಣ, ಆ ಜಿಂಕೆ.

ಹತ್ತು ದಿನದ ಹಿಂದೆ ಬೆಸೆಂಟ್ ನಗರದ ಬೀಚಿನಲ್ಲಿ ಅಲೆಗಳು ಒಂದು ಕೊರಡನ್ನು ದಡಕ್ಕೆ ತಂದು ಹಾಕಿದ್ದವು. ಸಮುದ್ರದಲ್ಲಿ ಉರುಳಿ ಉರುಳಿ ನುಣ್ಣಗಾದ, ಬೂದು ಬಣ್ಣದ ಕೊರಡು. ನೋಡಿದರೆ ಥೇಟ್ ಕೊಂಬಿನ ಜಿಂಕೆ! "ಕಟ್ಟೈಕ್ಕು ತನಿ ಚಾರ್ಜ್" ಎಂದು ಕಟ್ಟಿಗೆಗೆ ಬೇರೆ ದುಡ್ಡು ಕೇಳಿ ಆಟೋದವನು ಗೊಣಗಿದರೂ ಅವಳು ಬಿಡಲಿಲ್ಲ. ಮನೆಗೆ ತಂದು, ತುಳಸಿ ಕಟ್ಟೆಯ ಮಣ್ಣಿನಲ್ಲೇ ನೆಟ್ಟಳು. ಬೀದಿಯವರೆಲ್ಲ ನಿಂತು ನೋಡಿದರು.

ನೀರು ಬಿದ್ದರೆ ಜಿಂಕೆಯ ಬೂದು ಮೈ ಕಪ್ಪಗೆ ಮಿರುಗುತ್ತಿತ್ತು. ಅದನ್ನು ನೋಡಲೆಂದೇ ಶ್ರೀಪ್ರಿಯಾ ಚೆಂಬಿನ ನೀರನ್ನು ಜಿಂಕೆಯ ತಲೆ ಮೇಲೆ ಸುರಿಯುತ್ತಿದ್ದಳು. ಹೇಗೂ ಇಳಿದು ತುಳಸಿಗೇ ಹೋಗುತ್ತದಲ್ಲ!

ಮಹಡಿ ಮನೆಯ ತೇಜು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ. "ಲೇ, ಎಲೆಯೆಲ್ಲ ಒಣಗ್ತಿದೆ. ನಿನ್ ಡೀರ್ ನಿಮ್ ತುಳಸೀನ ತಿಂತಿದೆ ಕಣೇ!"

"ಹೋಗೋ, ಅದು ಬಿಸಿಲಿಗೆ!"

ಆದರೆ ಎಲೆಗಳ ಅಂಚು ನಿಜಕ್ಕೂ ಕಪ್ಪಾಗಿತ್ತು. ನೀರು ಒಣಗಿದ ಕಡೆ ಜಿಂಕೆಯ ಮೈ ಮೇಲೆ ಬಿಳಿ ಪುಡಿ ಕೂತಿತ್ತು. ತೇಜು ಹೋದ ಮೇಲೆ ಶ್ರೀಪ್ರಿಯಾ ಅತ್ತಿತ್ತ ನೋಡಿ, ಕೊಂಬನ್ನು ನೆಕ್ಕಿದಳು.

ಉಪ್ಪು!

ತುಳಸಿಯನ್ನು ಒಣಗಿಸುತ್ತಿದ್ದದ್ದು ಜಿಂಕೆಯೇ. ಹೇಳಿದರೆ ಜಿಂಕೆ ಕಸದ ಲಾರಿಗೆ ಹೋಗುತ್ತದೆ. ಅವಳು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ತಮ್ಮ ಸ್ನಾನದ ಕೊಡ ಎತ್ತಿ ತಂದು, ಅರ್ಧ ನೀರನ್ನು ಕಟ್ಟೆಗೆ ಸುರಿಯುತ್ತಿದ್ದರು. ನೀರು ಜಿಂಕೆಯ ಬೆನ್ನಿನಿಂದ ಬುಡಕ್ಕೆ ಇಳಿಯುತ್ತಿತ್ತು.

"ಅಜ್ಜಿ! ಮತ್ತೆ ನಿನ್ ಸ್ನಾನ?"

"ಅರ್ಧ ಕೊಡದಲ್ಲಿ ಆಗತ್ತೆ ಬಿಡು. ಪಾಪ, ಅದಕ್ಕೆ ಬಾಯಾರಿಕೆ. ನಾಲ್ಕು ದಿನದಿಂದ ಹಾಕ್ತಿದೀನಿ, ಆದ್ರೂ ಚೇತರಿಸ್ತಿಲ್ಲ."

ಸ್ನಾನ ಮಾಡದೆ ಅಜ್ಜಿ ಒಲೆ ಮುಟ್ಟುವವರಲ್ಲ. ಅವರ ಅರ್ಧ ಕೊಡ ನೀರು ನಾಲ್ಕು ದಿನದಿಂದ ಉಪ್ಪಾಗಿ ಬುಡಕ್ಕೆ ಇಳಿಯುತ್ತಿತ್ತು.

"ಸುರೀಬೇಡ ಅಜ್ಜಿ!" ಶ್ರೀಪ್ರಿಯಾ ಕೊಡ ಹಿಡಿದುಕೊಂಡಳು. "ಜಿಂಕೆ ಮೈಯಲ್ಲಿ ಉಪ್ಪಿದೆ. ನಾನು ನೆಕ್ಕಿ ನೋಡಿದೆ. ನಿನ್ನೆನೇ ಗೊತ್ತಿತ್ತು."

"ನೆಕ್ಕಿದೆಯಾ! ಎಂಜಲು ಕೊರಡನ್ನ ತುಳಸಿ ಹತ್ರ ಇಟ್ಟಿದೀಯಾ!"

ಆಮೇಲೆ ಅಜ್ಜಿ ಕೂತು, ತುಳಸಿಯ ಕಾಂಡವನ್ನು ಉಗುರಿನಿಂದ ಕೆರೆದರು. ಒಳಗೆ ಹಸಿರಿರಲಿಲ್ಲ. ಉದುರಿದ ಎಲೆಗಳನ್ನು ಒಂದೊಂದಾಗಿ ಆರಿಸತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಶ್ರೀಪ್ರಿಯಾಳಿಗೆ.

"ಜಿಂಕೆನ ಎಸೆದುಬಿಡ್ಲಾ ಅಜ್ಜಿ?" ಎಂದಳು ಸಣ್ಣ ದನಿಯಲ್ಲಿ.

"ಎಸೆದ್ರೆ ಗಿಡ ಬರತ್ತಾ?" ಅಜ್ಜಿ ಒಣಗಿದ ತೆನೆಗಳನ್ನು ಅಂಗೈಯಲ್ಲಿ ಉಜ್ಜಿದರು. ಸಾಸಿವೆಗಿಂತ ಸಣ್ಣ ಬೀಜಗಳು ಉದುರಿದವು. "ಉಪ್ಪಲ್ಲಿಟ್ಟ ಮಾವಿನಕಾಯಿನ ಏನ್ಮಾಡ್ತೀವಿ?"

"ನೀರಲ್ಲಿ ನೆನೆಹಾಕ್ತೀವಿ. ಆದ್ರೆ ಅಜ್ಜಿ, ನೀರೆಲ್ಲಿದೆ?"

"ಅಕ್ಕಿ ತೊಳೆದ ನೀರು ಎಲ್ಲಿಗೆ ಹೋಗತ್ತೆ?"

"ಟಾಯ್ಲೆಟ್ಟಿಗೆ."

"ಒಂದು ದಿನ ತಡವಾಗಿ ಹೋಗ್ಲಿ."

ಹಾಗೆ ಜಿಂಕೆ ನೀಲಿ ಡ್ರಮ್ಮಿಗೆ ಇಳಿಯಿತು. ತೇಲದಿರಲೆಂದು ಅಜ್ಜಿ ಅದರ ಮೇಲೆ ರುಬ್ಬುಗುಂಡು ಹೇರಿದರು. ಅಕ್ಕಿ, ತರಕಾರಿ ತೊಳೆದ ನೀರು ದಿನವೂ ಅದಕ್ಕೆ. ಹಳೆಯ ನೀರನ್ನು ಮೊಗೆದು ಟಾಯ್ಲೆಟ್ಟಿಗೆ ಹೊರುವ ಕೆಲಸ ಶ್ರೀಪ್ರಿಯಾಳದು. ಆ ನೀರು ನಾರುತ್ತಿತ್ತು. ತೇಜು ಮೂಗು ಮುಚ್ಚಿಕೊಂಡು, "ಡೀರ್ ಸೂಪ್ ರೆಡಿನಾ?" ಎಂದು ಕೂಗುತ್ತಿದ್ದ. ಅವಳು ಒಂದು ದಿನವೂ ತಪ್ಪಿಸಲಿಲ್ಲ.

ಅಪ್ಪ ನರ್ಸರಿಯಿಂದ ಒಂದು ಚೀಲ ಹೊಸ ಮಣ್ಣು ತಂದರು. ಅಜ್ಜಿ ಕಟ್ಟೆಯ ಉಪ್ಪು ಮಣ್ಣು ತೆಗೆದು, ಅದನ್ನು ತುಂಬಿ ಬೀಜ ಉದುರಿಸಿದರು.

ಎರಡು ತಿಂಗಳಾದ ಮೇಲೆ ಜಿಂಕೆಯನ್ನು ತೊಳೆದು ಒಣಗಿಸಿದರು. ಬಿಳಿ ಪುಡಿ ಕಾಣಲಿಲ್ಲ. ಶ್ರೀಪ್ರಿಯಾ ಅದನ್ನು ಕಟ್ಟೆಯಿಂದ ದೂರ, ಗೇಟಿನ ಪಕ್ಕ ನಿಲ್ಲಿಸಿದಳು. ಅಜ್ಜಿ ಬಂದು ಅದರ ಬೆನ್ನಿನ ಪೊಟರೆಗೆ ಮಣ್ಣು ತುಂಬಿ, ಕಟ್ಟೆಯಲ್ಲಿ ಮೊಳೆತ ಒಂದು ಪುಟ್ಟ ತುಳಸಿ ಸಸಿ ನೆಟ್ಟರು.

"ಅದು ಎಂಜಲು ಅಂದಿದ್ದೆಯಲ್ಲ ಅಜ್ಜಿ?"

"ಅಷ್ಟು ದಿನ ಮುಳುಗೆದ್ದಿದೆ. ನನಗಿಂತ ಅದಕ್ಕೇ ಹೆಚ್ಚು ಸ್ನಾನ ಆಗಿದೆ!"

ಶ್ರೀಪ್ರಿಯಾ ಬಗ್ಗಿ, ಚೆಂಬಿನ ನೀರನ್ನು ನಿಧಾನವಾಗಿ ಸಸಿಯ ಬುಡಕ್ಕೇ ಬಿಟ್ಟಳು. ಜಿಂಕೆಯ ಮೈ ಬೂದಾಗಿಯೇ ಉಳಿಯಿತು.

ಅಜ್ಜಿಯ ಹಳೆಯ ತುಳಸಿ ಹೋಗಿತ್ತು. ಕಟ್ಟೆಯಲ್ಲಿ ಆರು, ಜಿಂಕೆಯ ಬೆನ್ನ ಮೇಲೆ ಒಂದು, ಒಟ್ಟು ಏಳು ಸಸಿ ಬಂದಿದ್ದವು.