ಸೆರೆಯವಳ ಕೈಬರಹ

“ಪುಟ ನಲವತ್ತೊಂದು ಸ್ವಲ್ಪ ಓದ್ತೀರಾ, ಮಿಸ್ಟರ್ ಅಕ್ಷಿತ್?”

ಮಾರಿಸ್‌ಟೌನ್ ಗ್ರಂಥಾಲಯದ ಸಭಾಂಗಣದಲ್ಲಿ ಎಲ್ಲರೂ ಹಿಂದಕ್ಕೆ ತಿರುಗಿದರು. ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದವಳು ಇಂಚರಾ. ಮೈಸೂರಿನವಳು, ನ್ಯೂಜೆರ್ಸಿಯಲ್ಲಿ ಪಿಎಚ್.ಡಿ ಮಾಡುತ್ತಿದ್ದವಳು.

ವೇದಿಕೆಯ ಮೇಲಿದ್ದ ಅಕ್ಷಿತ್ ಹೋಬೋಕನ್‌ನ ಪುಟ್ಟ ಪ್ರಕಾಶನ ಸಂಸ್ಥೆಯೊಂದರ ಸಂಪಾದಕ. ಅವತ್ತು ಬಿಡುಗಡೆಯಾಗುತ್ತಿದ್ದ ಪುಸ್ತಕದ ಮೇಲೆ ಅವನ ಹೆಸರಿತ್ತು. ಅವನು ಓದಿದ.

“ನನ್ನನ್ನು ಬಿಡಿಸಿದೆವು ಎಂದು ಇವರು ಹೇಳುತ್ತಾರೆ. ನನ್ನ ಏಳು ವರ್ಷದ ಮಗಳು ಅಲ್ಲೇ ಉಳಿದಳು.”

ಇನ್ನೂರೈವತ್ತು ವರ್ಷಗಳ ಹಿಂದೆ ಡೆಲವೇರ್ ನದಿಯ ದಡದಿಂದ ಮಾರ್ಗರೆಟ್ ಎಂಬ ಹೆಂಗಸನ್ನು ಅಲ್ಲಿನ ಮೂಲನಿವಾಸಿಗಳಾದ ಲೆನಪೆ ಜನ ಸೆರೆ ಹಿಡಿದು ಒಯ್ದಿದ್ದರು. ನಾಲ್ಕು ವರ್ಷದ ನಂತರ ಸೈನಿಕರು ವಾಪಸ್ ಕರೆತಂದರು. ಅವಳು ದೇವರಿಗೆ ಕೃತಜ್ಞಳಾಗಿದ್ದಳೆಂದು ಪಾದ್ರಿಯೊಬ್ಬ ಕಥೆ ಬರೆದು ಅಚ್ಚು ಹಾಕಿಸಿದ. ಆದರೆ ಅವಳದೇ ಕೈಬರಹ ಬೇರೆ ಹೇಳುತ್ತಿತ್ತು. ಅಲ್ಲಿ ಅವಳಿಗೆ ಗಂಡನಿದ್ದ, ಅಲ್ಲೇ ಹುಟ್ಟಿದ ಕೂಸಿತ್ತು... ಅವಳು ವಾಪಸ್ ಬರಲು ಒಪ್ಪಿರಲೇ ಇಲ್ಲ.

ಆ ಕೈಬರಹವನ್ನು ಹಳೆಯ ದಾಖಲೆಗಳ ನಡುವೆ ಹುಡುಕಿ ತೆಗೆದವಳು ಇಂಚರಾ. ಎರಡು ವರ್ಷ ಕೂತು ಅಕ್ಷರ ಅಕ್ಷರವಾಗಿ ನಕಲು ಮಾಡಿದವಳು ಅವಳೇ.

“ನಾಲ್ಕೇ ವರ್ಷ ಅಲ್ಲಿದ್ದವಳಿಗೆ ಏಳು ವರ್ಷದ ಮಗಳು ಹೇಗೆ ಬಂದ್ಲು?” ಇಂಚರಾ ಮೂಲ ಪುಟದ ಫೋಟೊ ಎತ್ತಿ ಹಿಡಿದಳು. “ಇಲ್ಲಿರೋ ಅಂಕಿ ಒಂದು, ಏಳಲ್ಲ. ಮೊದಲ ಡ್ರಾಫ್ಟ್‌ನಲ್ಲಿ ನಾನು ತಪ್ಪಾಗಿ ಏಳು ಅಂತ ಓದಿದ್ದೆ. ಆಮೇಲೆ ತಿದ್ದಿದೆ. ನನ್ನ ತಪ್ಪು ನಿಮ್ಮ ಪುಸ್ತಕದಲ್ಲಿ ಹೇಗಿದೆ?”

ಅವಳು ವೇದಿಕೆಗೆ ಹೋಗಿ ಫೋಟೊವನ್ನು ಅವನ ಮುಂದಿಟ್ಟಳು.

ಅಕ್ಷಿತ್ ಫೋಟೊವನ್ನೂ ಪುಟವನ್ನೂ ಹೋಲಿಸಿ ನೋಡಿದ. “ಇದು ನಿಮ್ಮ ಶ್ರಮ,” ಎಂದ ಮೆಲ್ಲಗೆ. “ಈ ಪುಸ್ತಕ ನಾನು ವಾಪಸ್ ತಗೋತೀನಿ.”

ಅವನ ಮುಖ ಬಿಳಿಚಿಕೊಂಡಿದ್ದನ್ನು ಕಂಡು ಅವಳಿಗೆ ಹಿತವಾಯಿತು. ಆದರೆ ಸಾಕೆನಿಸಲಿಲ್ಲ. ಮರುದಿನವೇ ಅವನ ಸಂಸ್ಥೆಗೆ, ಅವನನ್ನು ಬಲ್ಲ ಪ್ರತಿಯೊಬ್ಬ ಪ್ರೊಫೆಸರ್‌ಗೂ ಅವನು ತನ್ನ ಕೆಲಸ ಕದ್ದನೆಂದು ಬರೆದಳು. ವಾರದೊಳಗೆ ಅವನ ಕೆಲಸ ಹೋಯಿತು.

“ಹಾಗೆಲ್ಲ ಪತ್ರ ಬರೀಬೇಡ ಅಂದಿದ್ದೆ,” ಅವಳ ಗೈಡ್ ಬದರೀನಾಥ್ ಬೇಸರದಿಂದ ಹೇಳಿದರು. “ಅಭಿಪ್ರಾಯ ಕೇಳೋಕೆ ಅಂತ ನಂಬಿ ಆ ಹುಡುಗನಿಗೆ ಡ್ರಾಫ್ಟ್ ಕೊಟ್ಟೆ, ಕದ್ದ. ಆಯ್ತಲ್ಲ, ಇಲ್ಲಿಗೆ ಬಿಡು. ನಿನ್ನ ಫೆಲೋಶಿಪ್ ನನ್ನ ಸಹಿ ಮೇಲೆ ನಿಂತಿದೆ. ಅದು ಹೋದ್ರೆ ವೀಸಾನೂ ಹೋಗುತ್ತೆ. ನೀನು ನನ್ನ ಮಗಳಿದ್ದ ಹಾಗಮ್ಮ.”

ಹತ್ತು ದಿನದ ನಂತರ ಮಾರಿಸ್‌ಟೌನ್ ಸ್ಟೇಷನ್ನಿನಲ್ಲಿ ಅಕ್ಷಿತ್ ಎದುರಿಗೆ ಬಂದ. ಕೈಯಲ್ಲಿ ಒಂದು ಹಾಳೆ.

“ಜಗಳಕ್ಕೆ ಬಂದಿಲ್ಲ. ಇದನ್ನ ಓದಿ, ಸಾಕು.”

ಬದರೀನಾಥ್ ಅವನಿಗೆ ಬರೆದಿದ್ದ ಇಮೇಲ್. ‘ಈ ನಕಲು ನಾನೇ ಮಾಡಿದ್ದು. ನೀನು ಸಂಪಾದಿಸು, ನಿನ್ನ ಹೆಸರಲ್ಲೇ ಬರಲಿ. ಅದಕ್ಕೆ ಬದಲಾಗಿ ಮುಂದಿನ ದೊಡ್ಡ ಪುಸ್ತಕ ನನ್ನದು, ಅದನ್ನು ನಿಮ್ಮಲ್ಲೇ ತರೋಣ.’

ಅವಳು ಹಾಳೆಯನ್ನು ಮೊದಲಿಂದ ಮತ್ತೆ ಓದಿದಳು. ‘ಅಯ್ಯೋ... ನಾನು ಹಾಳು ಮಾಡಿದ್ದು ಯಾರನ್ನ?’

“ಅವತ್ತೇ ಯಾಕೆ ಹೇಳ್ಲಿಲ್ಲ?”

“ವಿಚಾರಿಸದೆ ಅಚ್ಚು ಹಾಕಿದ್ದು ನಾನೇ ಅಲ್ವಾ? ಆಮೇಲೆ, ನಿಮ್ಮ ಫೆಲೋಶಿಪ್ ಅವರ ಕೈಲಿದೆ ಅಂತ ಗೊತ್ತಾಯ್ತು. ನಿಮ್ಮನ್ನ ಕೇಳದೆ ಕಂಪ್ಲೇಂಟ್ ಕೊಟ್ಟಿದ್ರೆ ನಿಮ್ಮ ಜೀವನದ ತೀರ್ಮಾನ ನಾನು ಮಾಡಿದ ಹಾಗಾಗ್ತಿತ್ತು. ಬೇಕಂದ್ರೆ ಸಾಕ್ಷಿ ಹೇಳ್ತೀನಿ. ಬೇಡ ಅಂದ್ರೆ ಹೋಗ್ತೀನಿ.”

“ಬೇಕು,” ಎಂದಳು ಇಂಚರಾ. “ಅವರನ್ನ ನಾನು ಬಿಡಲ್ಲ.”

ಆರು ವಾರ ಹೋಬೋಕನ್‌ನ ಅವನ ಪುಟ್ಟ ಅಪಾರ್ಟ್‌ಮೆಂಟಿನಲ್ಲಿ ದಾಖಲೆಗಳನ್ನು ಜೋಡಿಸಿದರು. ವಿಶ್ವವಿದ್ಯಾಲಯಕ್ಕೆ ಕೊಡಬೇಕಿದ್ದ ದೂರಿನ ಒಂದೊಂದು ಪದ ಬದಲಿಸುವ ಮುಂಚೆಯೂ ಅವನು “ಇದು ಹೀಗಿರ್ಲಾ?” ಎಂದು ಕೇಳುತ್ತಿದ್ದ. ಅವಳು ಬೇಡವೆಂದರೆ ಮುಟ್ಟುತ್ತಿರಲಿಲ್ಲ. ಬದರೀನಾಥರ ಮೇಲಿನ ದ್ವೇಷದಿಂದ ಕುದಿಯುತ್ತಿದ್ದ ಆ ದಿನಗಳಲ್ಲೂ ಅವನ ದನಿಗಾಗಿ ತಾನು ಕಾಯುತ್ತಿರುವುದು ಅವಳಿಗೆ ಗೊತ್ತಾಗತೊಡಗಿತು... ಗೊತ್ತಾದಷ್ಟೂ ಅಪರಾಧಭಾವ ಚುಚ್ಚುತ್ತಿತ್ತು.

ವಿಚಾರಣೆಯ ದಿನ ಬದರೀನಾಥ್ ಕಾರಿಡಾರಿನಲ್ಲಿ ತಡೆದರು. “ಮಗೂ, ಯೋಚನೆ ಮಾಡು. ವಾಪಸ್ ಹೋಗ್ಬೇಕಾಗುತ್ತೆ.”

“ಹೋದ್ರೂ ನಿಮ್ಮನ್ನ ಇಲ್ಲಿ ಉಳಿಸಿ ಹೋಗಲ್ಲ, ಸರ್.”

ಒಳಗೆ ಅವಳೇ ಮಾತಾಡಿದಳು. ತಾರೀಖು ಹಾಕಿದ ನೋಟ್‌ಬುಕ್‌ಗಳನ್ನು ಒಂದೊಂದಾಗಿ ಇಟ್ಟಳು, ಕೊನೆಗೆ ಆ ಇಮೇಲ್. ಅಕ್ಷಿತ್ ಕೇಳಿದ್ದಕ್ಕಷ್ಟೇ ಉತ್ತರಿಸಿದ. ಬದರೀನಾಥರು ಆ ಹಾಳೆಯನ್ನು ಮಗುಚಿ ಇಟ್ಟರು. ಇಂಚರಾ ಎವೆಯಿಕ್ಕದೆ ಅವರನ್ನೇ ನೋಡಿದಳು. ಅವಳಿಗೆ ಕರುಣೆ ಬರಲಿಲ್ಲ.

ತಿಂಗಳೊಳಗೆ ಅವರು ರಾಜೀನಾಮೆ ಕೊಟ್ಟರು. ಅವಳಿಗೆ ಹೊಸ ಗೈಡ್ ಸಿಕ್ಕರು, ಫೆಲೋಶಿಪ್ ಉಳಿಯಿತು. ಅಕ್ಷಿತ್‌ಗೆ ಮಾತ್ರ ಕೆಲಸ ವಾಪಸ್ ಬರಲಿಲ್ಲ.

ಒಂದು ಮಧ್ಯಾಹ್ನ ಅವಳು ಎಡಿಸನ್ ಊರಿಗೆ ಹೋದಳು. ಅಕ್ಷಿತ್‌ನ ಅಪ್ಪ, ಮಂಗಳೂರಿನ ಶಾಂತಾರಾಮ್ ಅಂಕಲ್ ಅಲ್ಲಿ ನಡೆಸುತ್ತಿದ್ದ ಹೋಟೆಲ್ಲಿನಲ್ಲಿ ಅವನು ಟೇಬಲ್ ಒರೆಸುತ್ತಿದ್ದ.

“ಕೂತ್ಕೊಳ್ಳಿ. ನೀರ್ ದೋಸೆ ತರ್ಲಾ?”

“ಬೇಡ. ನಿಮ್ಮ ಬದುಕು ಹಾಳು ಮಾಡಿದೆ. ಕ್ಷಮಿಸಿ ಅನ್ನೋಕೂ ನಾಚಿಕೆ ಆಗುತ್ತೆ.”

ಅವನು ಎದುರು ಕುಳಿತ. “ಕೋಪ ಇತ್ತು. ಒಂದು ವಾರ ನಿಮ್ಮ ಹೆಸರು ನೆನಪಾದ್ರೆ ಊಟ ಸೇರ್ತಿರ್ಲಿಲ್ಲ. ಈಗ... ನೀವು ಬರದ ದಿನ ಸೇರಲ್ಲ.”

ಅವಳ ಕಣ್ಣು ತುಂಬಿತು.

“ಬಾಸ್ಟನ್‌ನಲ್ಲಿ ಒಂದು ಕೆಲಸ ಇದೆ,” ಅವನೆಂದ. “ಇಲ್ಲೂ ಒಂದು ಸಿಗಬಹುದು, ಚಿಕ್ಕದು. ಏನ್ ಮಾಡ್ಲಿ?”

“ಇರಿ ಅನ್ನೋ ಹಕ್ಕು ನನಗೆಲ್ಲಿದೆ?”

“ಹಕ್ಕಿನ ಮಾತು ಕೇಳ್ಲಿಲ್ಲ, ಇಂಚರಾ. ಮನಸ್ಸಿದೆಯಾ?”

ಅವಳು ಒದ್ದೆ ಟೇಬಲ್ಲಿನ ಮೇಲಿದ್ದ ಅವನ ಕೈ ಹಿಡಿದಳು.

“ಇದೆ,” ಎಂದಳು. “ಇಲ್ಲೇ ಇರು.”