ಮೂರನೇ ತಿರುವಿನ ಹುರುಳಿ

೧೯೭೧ರ ಜನವರಿ ೨೧, ಗುರುವಾರ ಬೆಳಗ್ಗೆ ಹತ್ತು ಗಂಟೆಗೆ ಮೆಕ್ಯಾನಿಕ್ ಗಂಗಣ್ಣ ದೊಡ್ಡಬಳ್ಳಾಪುರ ಠಾಣೆಗೆ ಬಂದ. ಅಂಗಿಯ ಮೇಲಿದ್ದ ರಕ್ತ ಅವನದಲ್ಲ. ಅವನ ಊರಿನ ಪಕ್ಕ, ಯುದ್ಧಕಾಲದ ಹಳೆಯ ರನ್‌ವೇಯಲ್ಲಿ ಆ ವರ್ಷದ ಕಾರ್ ರೇಸುಗಳು ನಡೆಯುತ್ತಿದ್ದವು. ಮೂರು ಓಟ ಮುಗಿದಿದ್ದವು, ಭಾನುವಾರ ಕೊನೆಯದು. ಅಂದು ಬೆಳಗಿನ ಅಭ್ಯಾಸದ ವೇಳೆ ಮೂರನೇ ತಿರುವಿನಲ್ಲಿ ಅವನ ಯಜಮಾನರ ಕಾರು ಜಾರಿ ಬದುವಿಗೆ ಗುದ್ದಿ, ಅವರ ಕಾಲು ಮುರಿದಿತ್ತು. ಯಾರೋ ಬೇಕೆಂದೇ ಏನೋ ಸುರಿದಿದ್ದಾರೆ ಎಂಬುದು ದೂರು.

ಇನ್ಸ್‌ಪೆಕ್ಟರ್ ವೆಂಕಟರಾಮಪ್ಪ ಎಫ್.ಐ.ಆರ್. ಬರೆಸಿ, ಆ ಕಾರು ಭಾನುವಾರ ಓಡುತ್ತದೆಯೇ ಎಂದು ಕೇಳಿದರು.

"ರಿಪೇರಿ ಆಯ್ತದೆ ಸ್ವಾಮಿ. ಯಜಮಾನ್ರು ನೀನೇ ಓಡ್ಸು ಅಂದವ್ರೆ." ಗಂಗಣ್ಣ ದನಿ ತಗ್ಗಿಸಿದ. "ನಮ್ಮಮ್ಮಂಗೆ ಮಾತ್ರ ಹೇಳ್ಬೇಡಿ. ಎದೆ ಒಡ್ಕೊಂಡು ಸಾಯ್ತಾಳೆ."

ಸ್ಥಳ ಪಂಚನಾಮೆಯಲ್ಲಿ ಸಿಕ್ಕಿದ್ದು ಹುರುಳಿಕಾಳು. ಇದರಲ್ಲೇನಿದೆ ಎಂದ ಕಾನ್‌ಸ್ಟೇಬಲ್ ಬೈಲಪ್ಪ. ಸುಗ್ಗಿ ಬಂತೆಂದರೆ ಈ ಸೀಮೆಯಲ್ಲಿ ಡಾಂಬರು ರಸ್ತೆಯೇ ಕಣ. ಬಸ್ಸು ಲಾರಿಗಳ ಚಕ್ರಕ್ಕೆ ಹುರುಳಿ ಗಿಡ ಹರಡಿ ಕಾಳು ಬಿಡಿಸದವರು ಯಾರು?

ವೆಂಕಟರಾಮಪ್ಪ ಮಂಡಿಯೂರಿ ನೋಡಿದರು. ಗಿಡವಿಲ್ಲ, ಹೊಟ್ಟಿಲ್ಲ. ಹಸನು ಮಾಡಿದ ಕಾಳು, ಮೈಗೆಲ್ಲ ಬೂದಿ. ಮಡಕೆಯಲ್ಲಿ ಬೂದಿ ಬೆರೆಸಿಟ್ಟ ಬಿತ್ತನೆ ಬೀಜ ಅದು. ಉಪವಾಸ ಬಿದ್ದರೂ ಬೀಜಕ್ಕೆ ಕೈಹಾಕದ ಜನ ಅದನ್ನು ರಸ್ತೆಗೆ ಸುರಿದಿದ್ದಾರೆಂದರೆ ಹುಡುಗಾಟವಲ್ಲ. ಇನ್ಸ್‌ಪೆಕ್ಟರಿಗೆ ಹೆದರಿಕೆಯೇ ಆಯಿತು, ಸುಳ್ಳೇಕೆ? ಭಾನುವಾರ ಹಗ್ಗದಾಚೆ ಸಾವಿರಾರು ಜನ ನಿಲ್ಲುತ್ತಾರೆ, ಕಾರಿನಲ್ಲಿ ಈ ಹುಡುಗ ಇರುತ್ತಾನೆ. ಇನ್ನೊಂದು ಮೊರ ಕಾಳು ಸಾಕು.

ಶುಕ್ರವಾರವಿಡೀ ಊರವರನ್ನು ವಿಚಾರಿಸಿದ್ದಾಯಿತು. ಯಾರೂ ಬಾಯಿ ಬಿಡಲಿಲ್ಲ. ಶನಿವಾರ ಗಂಗಣ್ಣನನ್ನೇ ಮತ್ತೆ ಕರೆಸಿದರು.

"ಮೂರನೇ ತಿರುವೇ ಅಪಾಯ ಅಂತ ಯಾರಿಗೆ ಗೊತ್ತಿತ್ತು?"

"ನಂಗೆ, ಯಜಮಾನ್ರಿಗೆ. ಅಲ್ಲಿ ಬ್ರೇಕ್ ಒಂಚೂರು ತಡ ಆದ್ರೆ ಮುಗೀತು."

"ಇನ್ಯಾರಿಗೂ ಹೇಳಿಲ್ವಾ?"

"ಉಣ್ಣುವಾಗ ಮನೇಲಿ..." ಗಂಗಣ್ಣನ ಮುಖ ಬಿಳಿಚಿಕೊಂಡಿತು.

ರನ್‌ವೇ ಅಂಚಿನಲ್ಲೇ ಅವನ ಮನೆ. ಪಂಚರ ಮುಂದೆ ಇಳಿಸಿದ ಹುರುಳಿ ಮಡಕೆ ಅರ್ಧ ಖಾಲಿಯಾಗಿತ್ತು. ಅವನ ತಾಯಿ ಅಂಜಿನಮ್ಮ ಸುಳ್ಳು ಹೇಳಲಿಲ್ಲ. ಹಸು ಮೇಯಿಸುವ ನೆಪದಲ್ಲಿ ಹೋಗಿ ತಾನೇ ಸುರಿದದ್ದೆಂದಳು. ಲಾರಿ ಓಡಿಸುತ್ತಿದ್ದ ಗಂಡ ಅರಿಶಿನಕುಂಟೆಯ ಹತ್ತಿರ ಸ್ಟೀರಿಂಗಿಗೆ ಸಿಕ್ಕಿಕೊಂಡೇ ಸತ್ತಿದ್ದ. ಮಗ ಈಗ ಒಂದೊಂದು ಓಟ ಮುಗಿದಾಗಲೂ, ಒಂದು ದಿನ ತಾನೂ ಆ ಕಾರಿನಲ್ಲಿ ಕೂರುತ್ತೇನೆಂದು ಹೇಳುತ್ತಾ ಮನೆಗೆ ಬರುತ್ತಿದ್ದ. ಅವಳಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

"ಯಾರ್ನೂ ಸಾಯ್ಸಕ್ಕಲ್ಲ ಸ್ವಾಮಿ. ಗಾಡಿ ಬಿದ್ರೆ ಈ ಹಾಳು ಓಟ ನಮ್ಮೂರಿಗೆ ಬರಲ್ಲ ಅಂತ."

"ಉಳಿದಿದ್ದು ಯಾತಕ್ಕೆ ಇಟ್ಟಿದ್ದೆ?"

"ನಾಳೀಕೆ."

ಬಾಗಿಲಲ್ಲಿ ನಿಂತಿದ್ದ ಗಂಗಣ್ಣ ಹೇಳಿದ. "ನಾಳೆ ಆ ಗಾಡೀಲಿ ನಾನಿರ್ತಿದ್ದೆ ಕಣಮ್ಮ."

ಹೋಗಬೇಡ ಎಂದು ಅಂಜಿನಮ್ಮ ಮಗನ ಕೈ ಹಿಡಿದು ಕೇಳಿದಳು. ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಸಂಜೆ ಐದಕ್ಕೆ ದಸ್ತಗಿರಿಯಾಯಿತು. ತನಗೆ ಎಷ್ಟು ವರ್ಷ ಶಿಕ್ಷೆಯಾಗಬಹುದೆಂದು ಅವಳು ವಿಚಾರಿಸಲಿಲ್ಲ. ಠಾಣೆಯ ಬೆಂಚಿನ ಮೇಲೆ ಕೂತು ಬೈಲಪ್ಪನನ್ನು ಮತ್ತೆ ಮತ್ತೆ ಕೇಳಿದ್ದು ಒಂದೇ.

"ಆ ತಿರುವು ಚೆನ್ನಾಗಿ ಗುಡ್ಸಿದೀರಾ ಸ್ವಾಮಿ? ಒಂದ್ ಕಾಳೂ ಉಳೀಬಾರ್ದು."